ಟಣ್ ಎನ್ನದ ಬೆಳ್ಳಿ

ನಾನು ಒಂದು ಬೆಳ್ಳಿಯ ನಾಣ್ಯವಾಗಿದ್ದೆ. ಕರಿಗಲ್ಲುದುರ್ಗದ ಪಾಳೆಯಗಾರ ಮಾಲಣ್ಣನಾಯಕನ ನಾಣ್ಯ ಬಡಿಯುವ ಕಮ್ಮಟದಲ್ಲಿ ಮಲ್ಲೋಜನೆಂಬ ಅಕ್ಕಸಾಲಿಗ ನನ್ನನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದ. ಒಂದೇ ಪೆಟ್ಟಿಗೆ ಎದೆಯ ಮೇಲೆ ನಾಯಕನ ಮುದ್ರೆಯ ಆನೆ ಮೂಡಿತು. ಅಚ್ಚಿಗೆ ಇಡುವ ಮೊದಲು ಬೆಳ್ಳಿಯನ್ನು ತಟ್ಟಿ ಬಿಲ್ಲೆ ಮಾಡುವಾಗ ನಡುನಡುವೆ ಕೆಂಪಗೆ ಕಾಯಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಮಲ್ಲೋಜನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅಂದು ಅವಸರದಲ್ಲಿ ಒಂದು ಸಲ ಕಾಯಿಸುವುದನ್ನು ಬಿಟ್ಟ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹೊತ್ತು ನಾನು ಪೇಟೆಗೆ ಹೋದೆ.

ಉಪ್ಪು ಮಾರುವವಳ ಸೆರಗಿನ ಗಂಟಿನಲ್ಲಿ ಕೆಲವು ದಿನ ಇದ್ದೆ. ಅಲ್ಲಿಂದ ನಾಣ್ಯ ಪರೀಕ್ಷಿಸುವ ಚಿನಿವಾರ ನಾಗಿಸೆಟ್ಟಿಯ ಕೈಗೆ ಬಂದೆ. ಅವನು ಕಲ್ಲಿನ ಮೇಲೆ ಬಡಿದ. ಟಣ್ ಎನ್ನಬೇಕಾದ ನಾನು ಟಪ್ ಎಂದೆ.

"ಸೀಸ ಬೆರೆಸವ್ನೆ ಕಣ್ರಪ್ಪಾ!" ಎಂದು ಕೂಗಿದ. ಸಂಜೆಯೊಳಗೆ ಮಲ್ಲೋಜನನ್ನು ನಾಯಕನ ಮುಂದೆ ನಿಲ್ಲಿಸಿದರು. ಖೋಟಾ ನಾಣ್ಯ ಬಡಿದವನ ಬಲಗೈ ಕಡಿಯುವುದು ಅಲ್ಲಿಯ ಕಟ್ಟಳೆ.

"ಸೀಸ ಇಲ್ಲ ಒಡೆಯಾ. ಒಂದ್ಸಲ ಕಾಯಿಸ್ಲಿಲ್ಲ, ಅಷ್ಟೇ ನನ್ ತಪ್ಪು. ಕರಗ್ಸಿ ನೋಡಿ."

"ನನ್ ಮುದ್ರೇನ ಬೆಂಕಿಗೆ ಹಾಕೋದಾ?" ನಾಯಕ ಕನಲಿದ. "ಅದಕ್ಕೂ ಕೈ ಕಡಿಯೋದೇ!"

ಅತ್ತ ದರಿ, ಇತ್ತ ಪುಲಿ. ಆಗ ಮಲ್ಲೋಜನ ಹೆಂಡತಿ ಕೆಂಚವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಒಡೆಯಾ, ಇದು ನಿಮ್ ಮುದ್ರೇನೇ ಆದ್ರೆ ನಾಣ್ಯ ಖೋಟಾ ಅಲ್ಲ, ನನ್ ಗಂಡನ್ನ ಬಿಡಿ. ಖೋಟಾ ಅಂತೀರಾ? ಹಂಗಾದ್ರೆ ಅದು ನಿಮ್ ಮುದ್ರೆ ಅಲ್ಲ. ಕರಗ್ಸೋಕೆ ಏನಡ್ಡಿ?"

ನಾಯಕ ಮೀಸೆ ನೀವಿಕೊಂಡ. ಬೆಂಕಿ ತರಿಸಿದ.

ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ನನ್ನನ್ನು ತೂಗಿ, ಬೂದಿಯ ಕುಳಿಯಲ್ಲಿಟ್ಟು ಊದಿದರು. ಸೀಸವಿದ್ದರೆ ಬೂದಿಗೆ ಇಂಗಿ ತೂಕ ಇಳಿಯಬೇಕು. ಮೊದಲು ಆನೆಯ ಸೊಂಡಿಲು ಹೋಯಿತು, ಆಮೇಲೆ ಇಡೀ ಆನೆ. ತಣಿದ ಮೇಲೆ ಮತ್ತೆ ತೂಗಿದರು. ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ನಾಗಿಸೆಟ್ಟಿ ಜನರ ಹಿಂದೆ ಸರಿದ. ನಾಯಕ ನನ್ನನ್ನು ಮಲ್ಲೋಜನತ್ತ ಎಸೆದು, "ತಗೊಂಡೋಗು, ನನ್ ಕಣ್ಣಿಗೆ ಬೀಳ್ದಂಗೆ ಇಟ್ಕೋ" ಎಂದು ಎದ್ದುಹೋದ.

ಈ ಸಲ ಮಲ್ಲೋಜ ಮೂರು ಬಾರಿ ಕಾಯಿಸಿ, ನಿಧಾನವಾಗಿ ತಟ್ಟಿ, ಕೆಂಚವ್ವನ ಬಲಗಾಲಿಗೆ ಕಾಲುಂಗುರ ಮಾಡಿದ. ಎಡಗಾಲಿಗೆ ಹಳೆಯದೇ ಗತಿ. ಒಂದು ನಾಣ್ಯದಲ್ಲಿ ಎಷ್ಟಾದೀತು?

ಆನೆ ಹೊತ್ತ ನನ್ನ ಒಡಹುಟ್ಟಿದವರೆಲ್ಲ ಮುಂದೆ ಬಂದ ಬೇರೊಬ್ಬ ನಾಯಕನ ಕಮ್ಮಟದಲ್ಲಿ ಕರಗಿ ಹುಲಿಗಳಾದರಂತೆ. ನಾನು ಈಗ ಸವೆದು ದಾರದಷ್ಟು ತೆಳುವಾಗಿ ಕೆಂಚವ್ವನ ಮೊಮ್ಮಗಳ ಬಟ್ಟೆಗಂಟಿನಲ್ಲಿದ್ದೇನೆ. ಯಾರ ಮುದ್ರೆಯೂ ನನ್ನ ಮೇಲಿಲ್ಲ, ಅದರ ಕೊರಗೂ ಇಲ್ಲ. ಕೆಂಚವ್ವ ಬದುಕಿದ್ದಾಗ ಅವಳ ಕಾಲು ಕಲ್ಲಿನ ಹೊಸಿಲಿಗೆ ತಾಗಿ ನಾನು ಟಣ್ ಎಂದಾಗಲೆಲ್ಲ, ಒಳಗೆ ಮಲ್ಲೋಜ ಸುತ್ತಿಗೆ ನಿಲ್ಲಿಸಿ ತನ್ನ ಬಲಗೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದ.