ಮುಳ್ಳು ಹಾರಿದ ಮಧ್ಯಾಹ್ನ

ಊರೂರು ಸುತ್ತುವ ನಟರಿಗೆ ಮಧ್ಯಾಹ್ನವೆಂದರೆ ಸುಮ್ಮನೆ ಕಳೆಯಬೇಕಾದ ಹೊತ್ತು. ವಿನಿ ಪಿಂಕಮ್‌ಗೆ ಮಾತ್ರ ಈಚೆಗೆ ಅದೇ ಹಬ್ಬವಾಗಿತ್ತು. ಗಂಡ ಆರ್ಲೋ ಹೋಟೆಲಿನ ಕೋಣೆಯಲ್ಲಿ ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತ ಕೂತರೆ, ಇವಳು ಟೊಪ್ಪಿಗೆ ಸಿಕ್ಕಿಸಿಕೊಂಡು ಹತ್ತಿರದ ಟಾಕೀಸಿಗೆ ಹೊರಟುಬಿಡುವಳು. ಅಲ್ಲಿ ತೋರಿಸುವ ದೊಡ್ಡ ಚಿತ್ರ ಅವಳಿಗೆ ಬೇಕಿರಲಿಲ್ಲ. ಅದಕ್ಕೆ ಮೊದಲು ಬರುವ ಹತ್ತು ನಿಮಿಷದ ಮಾತಿನ ಚಿತ್ರಗಳಿಗಾಗಿ ಹೋಗುತ್ತಿದ್ದಳು. ಹಾಡು, ಹಾಸ್ಯ, ದೊಂಬರಾಟ ಎಲ್ಲವನ್ನೂ ಒಂದೇ ಸಂಜೆಯಲ್ಲಿ ಬಡಿಸುವ ವಾಡೆವಿಲ್ ರಂಗದ ಅವಳ ಹಳೆಯ ಜೊತೆಗಾರರೆಲ್ಲ ಈಗ ಆ ಪರದೆ ಮೇಲಿದ್ದರು. ಮೂಗಿನಿಂದ ಪಿಯಾನೊ ನುಡಿಸುವ ಗಸ್, ಗರಗಸವನ್ನು ಬಗ್ಗಿಸಿ ಕಮಾನು ಎಳೆದು ಅಳುವ ರಾಗ ಹೊರಡಿಸುವ ದಪ್ಪ ಹಿಲ್ಡಾ, ತುಟಿ ಅಲುಗಿಸದೆ ಮಾತಾಡಿ ತನ್ನ ಗೊಂಬೆಯ ಕೈಲಿ ತಾನೇ ಬೈಸಿಕೊಳ್ಳುವ ಮಹಾಶಯ. ಒಬ್ಬೊಬ್ಬರನ್ನು ಕಂಡಾಗಲೂ ವಿನಿ ಕತ್ತಲಲ್ಲೇ ಕೈ ಬೀಸುವಳು. ಅವರ ಕಾಲ್ಚೀಲದ ವಾಸನೆ ಇಲ್ಲದೆ ಅವರ ಸಂಗೀತ ಕೇಳುವ ಭಾಗ್ಯ ಮೊದಲೆಲ್ಲಿತ್ತು!

ಆರ್ಲೋ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಗಂಡಹೆಂಡಿರ ಹತ್ತಿರ ಇದ್ದದ್ದು ಒಂದೇ ಆಟ. ಪಾರ್ಕಿನ ಬೆಂಚಿನ ಮೇಲೆ ಆಕೆ ಸ್ಯಾಂಡ್‌ವಿಚ್ ತಿನ್ನುತ್ತಾಳೆ, ಆತ ಪಿಟೀಲು ಕುಯ್ಯುತ್ತ ಆಕೆಯನ್ನು ಒಲಿಸಲು ಹೆಣಗುತ್ತಾನೆ. ಹದಿನೈದು ವರ್ಷ ಅದನ್ನೇ ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದರು. ಒಂದೂರಲ್ಲಿ ಆಡಿದರೆ ಮತ್ತೆ ಅಲ್ಲಿಗೆ ಹೋಗುವಷ್ಟರಲ್ಲಿ ಜನ ಮರೆತಿರುತ್ತಿದ್ದರು, ಹೊಟ್ಟೆಪಾಡು ನಡೆಯುತ್ತಿತ್ತು. ಕಳೆದ ಚಳಿಗಾಲ ಬ್ರೂಕ್ಲಿನ್‌ನ ಸ್ಟುಡಿಯೋದವರು ಕರೆದು, ಅದೇ ಆಟವನ್ನು ಒಂದು ಬೆಳಿಗ್ಗೆ ಚಿತ್ರ ಹಿಡಿದರು. ಅಷ್ಟೇ, ಹದಿನೈದು ವರ್ಷದ ಬುತ್ತಿ ಒಂದೇ ಊಟಕ್ಕೆ ಖಾಲಿಯಾಯಿತು. ಈಗ ಅವರು ಹೋಗುವ ಊರಿಗೆಲ್ಲ ಅವರಿಗಿಂತ ಮೊದಲು ಅವರ ಚಿತ್ರ ಹೋಗಿರುತ್ತಿತ್ತು.

ಸ್ಕ್ರ್ಯಾಂಟನ್ ಕಲ್ಲಿದ್ದಲು ಗಣಿಯವರ ಊರು. ನಗುವುದಕ್ಕೂ ಬೈಯುವುದಕ್ಕೂ ಅಲ್ಲಿಯ ಜನ ಹಿಂದೆಮುಂದೆ ನೋಡುವುದಿಲ್ಲ. ಸೋಮವಾರ ಸಂಜೆ ಲಿಂಡೆನ್ ಥಿಯೇಟರಿನಲ್ಲಿ ಆರ್ಲೋ ಬೆಂಚಿನ ಮೇಲೆ ಕೂತು, "ನಿಮ್ಮಪ್ಪನಿಗೆ ನಾನಂದ್ರೆ ಇಷ್ಟಾನಾ?" ಎಂದು ಕೇಳಿದ. ವಿನಿ ಬಾಯಿ ತೆರೆಯುವ ಮೊದಲೇ ಬಾಲ್ಕನಿಯಿಂದ ಅವಳದೇ ಉತ್ತರ ಬಂತು: "ಅವತ್ತು ಗುರಿ ತಪ್ಪಿತಲ್ಲ ಅಂತ ಇನ್ನೂ ಕೊರಗ್ತಿದಾನೆ!" ಸಭೆ ನಕ್ಕಿತು. ಆದರೆ ಆ ನಗು ಬಾಲ್ಕನಿಯವನ ಪಾಲಾಯಿತು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಹ್ಯಾಸೆಟ್ ಇಬ್ಬರನ್ನೂ ಕರೆದ.

"ನೋಡಪ್ಪಾ ಆರ್ಲೋ, ಎದುರುಗಡೆ ರೀಜೆಂಟ್ ಟಾಕೀಸಲ್ಲಿ ನಿಮ್ಮನ್ನೇ ಚಿಲ್ಲರೆ ಕಾಸಿಗೆ ತೋರಿಸ್ತಿದಾರೆ. ನನ್ನ ಹತ್ರ ಯಾಕೆ ಬರ್ತಾರೆ ಜನ? ಇವತ್ತು ರಾತ್ರಿ ಒಂದು ಆಟ ನೋಡ್ತೀನಿ. ಹೊಸದೇನಾದ್ರೂ ಇದ್ರೆ ಸರಿ. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ."

ಇಲ್ಲಿಂದ ಎಬ್ಬಿಸಿದರೆ ಮುಂದಿನ ಊರಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಾಡೆವಿಲ್‌ನಲ್ಲಿ ಕೆಟ್ಟ ಸುದ್ದಿಗೆ ರೈಲಿಗಿಂತ ವೇಗ ಜಾಸ್ತಿ. ಬೀದಿಗೆ ಬಂದ ಆರ್ಲೋ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತ.

"ನಮ್ಮ ಅಣ್ಣನ ಅಂಗಡೀಲಿ ಮೊಳೆ ಮಾರೋಣ, ಬಾ" ಎಂದ.

"ಮೊಳೆ ಆಮೇಲೆ ಮಾರೋಣ. ಈಗ ನನ್ನ ಜೊತೆ ರೀಜೆಂಟಿಗೆ ಬಾ."

"ನನ್ನ ಶವಯಾತ್ರೆಗೆ ನಾನೇ ಟಿಕೆಟ್ ತಗೋಬೇಕಾ?"

"ನಾನು ತಗೋತೀನಿ ಬಾರೋ. ಯಾವತ್ತಾದ್ರೂ ನೀನು ನಂಗೆ ಏನಾದ್ರೂ ಕೊಡಿಸಿದ್ದುಂಟಾ?"

ಮಾತು ತಮಾಷೆಗೆ ಆಡಿದ್ದಾದರೂ ಅದರಡಿಯಲ್ಲಿ ವಿನಿಗೆ ಒಂದು ಹಳೆಯ ಮುನಿಸಿತ್ತು. ಆಟದ ಕೊನೆಗೆ ಆರ್ಲೋ ಮಂಡಿಯೂರಿ, "ನನ್ನನ್ನ ಮದುವೆ ಆಗ್ತೀಯಾ?" ಎಂದು ಕೇಳುತ್ತಿದ್ದ. "ಮೊದ್ಲು ಈ ಸ್ಯಾಂಡ್‌ವಿಚ್ ಮುಗೀಲಿ" ಎಂದು ಇವಳು ಹೇಳಿದರೆ ತೆರೆ ಬೀಳುತ್ತಿತ್ತು. ವೇದಿಕೆ ಮೇಲೆ ದಿನಾ ಕೇಳುತ್ತಿದ್ದ ಪುಣ್ಯಾತ್ಮ ಕೆಳಗಿಳಿದು ಒಮ್ಮೆಯೂ ಕೇಳಿರಲಿಲ್ಲ. ಟೊಲೀಡೊದಲ್ಲಿ ರೈಲು ತಪ್ಪಿದ ದಿನ, "ಹೇಗೂ ಹೊತ್ತಿದೆ, ಕೋರ್ಟಿಗೆ ಹೋಗಿಬರೋಣ" ಅಂದಿದ್ದ. ಅದೇ ಅವರ ಮದುವೆ.

ರೀಜೆಂಟಿನಲ್ಲಿ ಮೊದಲು ಗಸ್‌ನ ಪಿಯಾನೊ ಬಂತು. ಆರ್ಲೋ ಬಿಗಿದುಕೊಂಡೇ ಕೂತಿದ್ದ. ಹಿಲ್ಡಾಳ ಗರಗಸ ಅಳತೊಡಗಿದಾಗ ಅವನ ಪಾದ ತಾನಾಗಿ ತಾಳ ಹಾಕಿತು. "ಹಾಳಾದೋಳು, ಎಷ್ಟು ಚೆನ್ನಾಗಿ ಬಾರಿಸ್ತಾಳೆ" ಎಂದು ಗೊಣಗಿದ. ವಿನಿ ಅವನ ತೋಳಿಗೆ ತೋಳು ಹೆಣೆದಳು.

ಆಮೇಲೆ ಪರದೆಯ ಮೇಲೆ ಆ ಬೆಂಚು ಬಂತು. ಬಾಲ್ಕನಿಯವರು ಗುರುತು ಹಿಡಿದು ದಡದಡ ಕಾಲು ಬಡಿದರು. ಈ ಚಿತ್ರಗಳಲ್ಲಿ ಆಕಾರ ಇರುವುದು ಸುರುಳಿಯಲ್ಲಿ, ದನಿ ಇರುವುದು ಬೇರೆ ತಟ್ಟೆಯಲ್ಲಿ, ಗ್ರಾಮಫೋನಿನ ಹಾಗೆ. ಎರಡೂ ಕೈಕೈ ಹಿಡಿದು ಓಡಬೇಕು. ಆ ಕಾಲ್ಬಡಿತಕ್ಕೆ ಮೇಲಿನ ಯಂತ್ರದ ಕೋಣೆಯಲ್ಲಿ ತಟ್ಟೆಯ ಮುಳ್ಳು ಗಕ್ಕನೆ ಹಾರಿ ಮುಂದಿನ ಗೆರೆಗೆ ಬಿತ್ತು. ದನಿ ಚಿತ್ರಕ್ಕಿಂತ ಒಂದು ಮಾತು ಮುಂದೆ ಓಡತೊಡಗಿತು.

ಪರದೆಯ ಆರ್ಲೋ ಕಮಾನನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡಿದ್ದ, ಪಿಟೀಲು ತನ್ನಷ್ಟಕ್ಕೆ ಹಾಡಿತು. ಅವನು ಕಣ್ಣು ಮುಚ್ಚಿ ಕುಯ್ಯಲು ಶುರು ಮಾಡಿದಾಗ, ಪಿಟೀಲು ಮುಗಿದ ಮೇಲೆ ಬರಬೇಕಿದ್ದ ವಿನಿಯ ಸೀನು ಕೇಳಿಸಿತು. ಅಪ್ಪನ ವಿಚಾರ ಕೇಳಲು ಬಾಯಿ ತೆರೆದರೆ, ಅವನ ಮೀಸೆಯ ಕೆಳಗಿಂದ ಹೆಣ್ಣುದನಿ ಹೊರಬಂತು: "ಅವತ್ತು ಗುರಿ ತಪ್ಪಿತಲ್ಲ ಅಂತ ಇನ್ನೂ ಕೊರಗ್ತಿದಾನೆ!"

ಸಭೆ ಬಿದ್ದು ಬಿದ್ದು ನಕ್ಕಿತು. ವಿನಿ ಹೆದರುತ್ತ ಪಕ್ಕಕ್ಕೆ ನೋಡಿದಳು. ಆರ್ಲೋನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದುಕೊಂಡಳು. ಅಳುವೇನೋ ಹೌದು, ನಕ್ಕು ನಕ್ಕು ಬಂದ ಕಣ್ಣೀರು.

"ವಿನೀ," ಅವನು ಅವಳ ಮೊಣಕೈ ಹಿಂಡಿದ. "ಇವ್ರಿಗೆಲ್ಲ ಉತ್ತರ ಬಾಯಿಪಾಠ ಆಗಿದೆಯಲ್ಲ."

"ಆಗಿದೆ. ಅದಕ್ಕೇ ತಾನೆ ನಮ್ಮ ಗ್ರಹಚಾರ."

"ಅದಕ್ಕೇ ಕಣೇ ನಗ್ತಿರೋದು! ಗೊತ್ತಿಲ್ದೋರಿಗೆ ಇದು ಗಲಾಟೆ. ಗೊತ್ತಿರೋರಿಗೆ ಮಾತ್ರ ತಮಾಷೆ. ರಾತ್ರಿ ನೀನು ಮೊದ್ಲು ಉತ್ತರ ಹೇಳು. ನಾನು ಆಮೇಲೆ ಕೇಳ್ತೀನಿ."

"ಮನೇಲೂ ಹಾಗೇ ತಾನೆ ನಡೀತಿರೋದು" ಎಂದಳು ವಿನಿ.

ರಾತ್ರಿ ಲಿಂಡೆನ್‌ನಲ್ಲಿ ತೆರೆ ಎದ್ದಾಗ ಹ್ಯಾಸೆಟ್ ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ವಿನಿ ಮೊದಲ ತುತ್ತು ನುಂಗಿ, ಯಾರೂ ಏನೂ ಕೇಳದಿದ್ದರೂ ಹೇಳಿದಳು: "ಪಕ್ಕದ ಮನೆ ಬೆಕ್ಕು ಊರು ಬಿಟ್ಟಿದೆ."

ಆರ್ಲೋ ಗಂಭೀರವಾಗಿ ಪಿಟೀಲು ನುಡಿಸಿ ಮುಗಿಸಿ ಕೇಳಿದ: "ನನ್ನ ಸಂಗೀತ ಹೇಗಿತ್ತು?"

ಮೊದಲು ಬಾಲ್ಕನಿ ನಕ್ಕಿತು, ಆಮೇಲೆ ಕೆಳಗಿನವರು. ಅಪ್ಪನ ಗುರಿ ತಪ್ಪಿದ ಮಾತಿಗಂತೂ ಹ್ಯಾಸೆಟ್‌ನ ಕೈಕಟ್ಟು ಬಿಚ್ಚಿಹೋಯಿತು. ಅಪ್ಪನ ಬಗೆಗಿನ ಪ್ರಶ್ನೆಗೆ ಆರ್ಲೋ ಬಾಯಿ ತೆರೆಯುವುದನ್ನೇ ಜನ ಕಾದಿದ್ದರು.

ಕೊನೆಗೆ ಸ್ಯಾಂಡ್‌ವಿಚ್ಚಿನ ಸರದಿ ಬಂತು. ವಿನಿ ಅದನ್ನು ಬಾಯಿಯವರೆಗೆ ಎತ್ತಿದವಳು ಹಾಗೇ ಕೆಳಗಿಳಿಸಿದಳು. ಯಾಕೋ ಆ ಹಳೆಯ ಉತ್ತರ ಹೇಳಲು ಮನಸ್ಸಾಗಲಿಲ್ಲ.

"ಆಗ್ತೀನಿ ಕಣೋ" ಎಂದಳು.

ಇದು ಆಟದಲ್ಲಿರಲಿಲ್ಲ. ಮಂಡಿಯೂರಲು ಅರ್ಧ ಬಗ್ಗಿದ್ದ ಆರ್ಲೋ ಅಲ್ಲೇ ನಿಂತುಬಿಟ್ಟ. ಹದಿನೈದು ವರ್ಷ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಅವನಿಗೆ ಸಿಕ್ಕಲಿಲ್ಲ. ಆಟ ಕೆಟ್ಟಿತು, ಕೆಡಿಸಿದವಳು ನಾನೇ ಅಂದುಕೊಂಡಳು ವಿನಿ.

ಆಗ ಬಾಲ್ಕನಿಯಿಂದ ಗಣಿಯವನೊಬ್ಬ ಕೂಗಿದ: "ನನ್ನನ್ನ ಮದುವೆ ಆಗ್ತೀಯಾ?" ಅವನ ಹಿಂದೆ ಇನ್ನಿಬ್ಬರು ಕೂಗಿದರು. ಆಮೇಲೆ ಥಿಯೇಟರಿಗೆ ಥಿಯೇಟರೇ, ಹೆಂಗಸರು ಮಕ್ಕಳಾದಿಯಾಗಿ, ಒಂದೇ ದನಿಯಲ್ಲಿ ಅದನ್ನೇ ಕೇಳಿತು.

ಆ ಗದ್ದಲದ ನಡುವೆ ಆರ್ಲೋ ಪಿಟೀಲನ್ನು ಬೆಂಚಿನ ಮೇಲಿಟ್ಟು, ಮೊದಲ ಸಾಲಿಗೂ ಕೇಳಿಸದ ದನಿಯಲ್ಲಿ, ವಿನಿಗಷ್ಟೇ ಕೇಳುವಂತೆ ಅದೇ ಪ್ರಶ್ನೆ ಕೇಳಿದ. ಅವಳ ಉತ್ತರ ಆಗಲೇ ಹೇಳಿ ಮುಗಿದಿತ್ತು. ಸ್ಯಾಂಡ್‌ವಿಚ್ಚನ್ನು ಎರಡು ಭಾಗ ಮಾಡಿ ದೊಡ್ಡದನ್ನು ಅವನ ಕೈಗಿಟ್ಟಳು.