ಲಾಂಡ್ರಿ ಅಕ್ಕನ ತಾರಸಿಗೆ ಬಂದ ಡ್ರೋನ್

ಆ ಬೀದಿಯ ಗಾಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಎರಡು ಕಡೆಯೂ ಎತ್ತರದ ಕಟ್ಟಡಗಳು. ನಡುವಿನ ಸಂದಿಗೆ ನುಗ್ಗಿದ ಗಾಳಿ ಮೂಲೆ ತಿರುಗುವಾಗ ಒಮ್ಮೆ ಪಕ್ಕಕ್ಕೆ ತಳ್ಳುತ್ತಿತ್ತು, ಒಮ್ಮೆ ಮೇಲಕ್ಕೆ ಎತ್ತುತ್ತಿತ್ತು. ಛತ್ರಿ ಬಿಚ್ಚಿದವರು ಛತ್ರಿಯ ಹಿಂದೆ ಓಡಬೇಕಿತ್ತು. ಆದರೆ ಲಾಂಡ್ರಿ ಅಕ್ಕನಿಗೆ ಅದೇ ಗಾಳಿಯಿಂದ ಹೊಟ್ಟೆಪಾಡು. ಕೊನೆಯ ಮಹಡಿಯಲ್ಲಿ ಅವಳ ಮನೆ, ಅದರ ಮೇಲೆ ತಾರಸಿ. ಲಾಡ್ಜುಗಳ ಹಾಸುಬಟ್ಟೆಗಳನ್ನು ಅಲ್ಲಿ ಹರವಿದರೆ ನೋಡನೋಡುತ್ತಲೇ ಒಣಗುತ್ತಿದ್ದವು.

ಅದೇ ಕಟ್ಟಡದ ಕೆಳಗೆ ಹೆರಿಗೆ ಆಸ್ಪತ್ರೆಯಿತ್ತು. ಅಲ್ಲಿನ ನರ್ಸಮ್ಮ ಒಂದು ದಿನ ತಾರಸಿಗೆ ಬಂದಳು.

“ಅಕ್ಕಾ, ನಡುಭಾಗ ಸ್ವಲ್ಪ ಖಾಲಿ ಬಿಡ್ಬೇಕು. ಔಷಧಿ, ರಕ್ತ ತರೋ ಡ್ರೋನ್ ಇಲ್ಲೇ ಇಳಿಯೋದು.”

“ಈ ಗಾಳೀಲಾ? ನನ್ನ ಒದ್ದೆ ಬಟ್ಟೇನೇ ಹಾರಿಸ್ಕೊಂಡು ಹೋಗುತ್ತೆ. ಅದ್ಯಾವ ಲೆಕ್ಕ? ನಡೆಸೋಕೆ ಅದರೊಳಗೆ ಯಾರಾದ್ರೂ ಇರ್ತಾರಾ?”

“ಯಾರೂ ಇಲ್ಲ. ತಾನೇ ದಾರಿ ನೋಡ್ಕೊಂಡು ಬರುತ್ತೆ.”

“ಹಾಗಾದ್ರೆ ನನ್ನ ನೆತ್ತಿ ಮೇಲೇ ಬೀಳುತ್ತೆ ಬಿಡು!”

ನರ್ಸಮ್ಮ ನಕ್ಕಳು. “ಗಾಳಿ ತಳ್ಳಿದ್ರೆ ನೀನೇನ್ಮಾಡ್ತೀಯ? ಅದಕ್ಕೆ ಎದುರಾಗಿ ಮೈ ವಾಲಿಸಿ ಕಾಲೂರ್ತೀಯ. ಅದೂ ಹಾಗೇನೇ. ಎಷ್ಟು ತಳ್ಳಿದ್ರೆ ಅಷ್ಟು ವಾಲುತ್ತೆ. ತೀರಾ ಜೋರಾದ್ರೆ ಹಟ ಮಾಡಲ್ಲ, ಹಿಂದೆ ಸರಿದು ಬೇರೆ ಕಡೆಯಿಂದ ಬರುತ್ತೆ. ಆದ್ರೆ ಇಳಿಯೋ ಜಾಗದಲ್ಲಿ ಬಟ್ಟೆ ಪಟಪಟ ಅಂತಿದ್ರೆ ಇಳಿಯೋದಿಲ್ಲ. ರೆಕ್ಕೆಗೆ ಸುತ್ಕೊಂಡ್ರೆ ಮುಗೀತಲ್ಲ! ಇಳಿದ ಮೇಲೂ ಅಷ್ಟೇ, ರೆಕ್ಕೆ ನಿಲ್ಲೋವರೆಗೆ ಯಾರೂ ಹತ್ರ ಹೋಗಬಾರ್ದು.”

“ನೋಡೋಣ,” ಎಂದಳು ಅಕ್ಕ. ಅವಳ ಬಾಯಲ್ಲಿ ‘ನೋಡೋಣ’ ಬಂದರೆ ಆಗುವುದಿಲ್ಲ ಎಂದೇ ಅರ್ಥ. ಹಗ್ಗಗಳು ಇದ್ದಲ್ಲೇ ಇದ್ದವು.

ಮಳೆಗಾಲ ಕಳೆಯಿತು. ಅಕ್ಕನ ಸೊಸೆಗೆ ಕೆಳಗಿನ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಗಟ್ಟಿ ಗಂಟಲು. ಮನೆಯವರು ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ಬಾಣಂತಿಗೆ ರಕ್ತಸ್ರಾವ ನಿಲ್ಲದಾಯಿತು. ಆಸ್ಪತ್ರೆಯಲ್ಲಿದ್ದ ರಕ್ತ ಸಾಲುವಂತಿರಲಿಲ್ಲ. ಹೊರಗೆ ಜೋರು ಗಾಳಿಗೆ ದೊಡ್ಡ ಜಾಹೀರಾತು ಫಲಕ ಉರುಳಿ ರಸ್ತೆಯೇ ಬಂದ್ ಆಗಿತ್ತು.

ನರ್ಸಮ್ಮ ಓಡಿ ಬಂದಳು. “ರಕ್ತ ತಗೊಂಡು ಡ್ರೋನ್ ಹೊರಟಿದೆ. ಅಕ್ಕಾ, ತಾರಸಿ ಖಾಲಿ ಇದ್ಯಾ?”

ಬೆಳಿಗ್ಗೆಯೇ ಅಕ್ಕ ತಾರಸಿ ತುಂಬ ಬಟ್ಟೆ ಹರವಿ ಬಂದಿದ್ದಳು. ಮಗನನ್ನು ಎಳೆದುಕೊಂಡು ಲಿಫ್ಟಿಗೆ ನುಗ್ಗಿದಳು.

ಅವರು ಮೇಲೆ ತಲುಪಿದಾಗ ಡ್ರೋನ್ ಆಗಲೇ ಬಂದು ತಾರಸಿಯಿಂದ ಆಚೆಗೆ ತೂಗಾಡುತ್ತಾ ಕಾಯುತ್ತಿತ್ತು. ಕೆಳಗೆ ಬಿಳಿ ಬಟ್ಟೆಗಳು ಚಟಚಟ ಬಡಿದಾಡುತ್ತಿದ್ದವು. ಕ್ಲಿಪ್ಪು ಬಿಚ್ಚುವಷ್ಟು ತಾಳ್ಮೆ ಯಾರಿಗಿತ್ತು! ಅಕ್ಕ ಮನೆಯಿಂದ ಕತ್ತರಿ ತಂದು ಹಗ್ಗಗಳನ್ನೇ ಕತ್ತರಿಸಿದಳು. ಇಬ್ಬರೂ ಸೇರಿ ಬಟ್ಟೆಗಳನ್ನು ಬಾಚಿ ಮೆಟ್ಟಿಲ ಕೋಣೆಗೆ ತುರುಕಿ, ತಾವೂ ಬಾಗಿಲಲ್ಲೇ ನಿಂತರು.

ಡ್ರೋನ್ ಮುಂದೆ ಬಂತು. ಕಟ್ಟಡದ ಮೂಲೆಯಿಂದ ಎದ್ದ ಗಾಳಿ ಅದಕ್ಕೆ ಫಟ್ಟನೆ ಬಡಿಯಿತು. ಒಂದು ಮಗ್ಗುಲಿಗೆ ವಾಲಿ ಕೆಳಗೆ ಜಾರಿತು.

“ಹೋಯ್ತು!” ಮಗ ಕಿರುಚಿದ.

ಹೋಗಲಿಲ್ಲ. ಮೈ ನೆಟ್ಟಗೆ ಮಾಡಿಕೊಂಡು ಸರ್ರನೆ ಮೇಲೇರಿ ಹಿಂದೆ ಸರಿಯಿತು. “ಬಾರಪ್ಪಾ, ಹಿಂದೆ ಹೋಗ್ಬೇಡ, ಬಾ,” ಎಂದು ಅಕ್ಕ ಮನುಷ್ಯರನ್ನು ಕರೆಯುವಂತೆ ಕರೆದಳು. ಡ್ರೋನ್ ದೊಡ್ಡದಾಗಿ ಸುತ್ತು ಹಾಕಿ, ಗಾಳಿಗೆ ಅಡ್ಡವಾಗಿ ನಿಂತಿದ್ದ ನೀರಿನ ಟ್ಯಾಂಕಿನ ಮರೆಯಲ್ಲಿ ತಗ್ಗಾಗಿ ಬಂತು. ತೂಗಾಡಿತು, ಸಂಭಾಳಿಸಿಕೊಂಡಿತು, ಮೆತ್ತಗೆ ಕಾಲೂರಿತು.

ಮಗ ಧಾವಿಸಿದ. ಅಕ್ಕ ಅವನ ಅಂಗಿ ಹಿಡಿದೆಳೆದಳು. “ರೆಕ್ಕೆ ನಿಲ್ಲಲಿ ಕಣೋ!”

ರೆಕ್ಕೆಗಳು ನಿಂತವು. ಮಗ ರಕ್ತದ ಪೆಟ್ಟಿಗೆ ಎತ್ತಿಕೊಂಡು ಓಡಿದ.

ಸಂಜೆಯ ಹೊತ್ತಿಗೆ ಸೊಸೆ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಅಕ್ಕ ಮೊಮ್ಮಗಳನ್ನು ಅವಳ ಪಕ್ಕದಲ್ಲಿ ಮಲಗಿಸಿ ನರ್ಸಮ್ಮನ ಕಡೆ ತಿರುಗಿದಳು. “ಗೆದ್ದುಬಿಡ್ತು ಕಣೇ! ಆ ಗಾಳಿ ಜೊತೆ ಗುದ್ದಾಡಿ ಗೆದ್ದುಬಿಡ್ತು!” ಎಂದವಳೇ ಅಳುತ್ತಲೇ ನಕ್ಕಳು.

ಈಗ ಅವಳ ಹಗ್ಗಗಳು ತಾರಸಿಯ ಅಂಚಿನ ಕಂಬಿಗಳ ನಡುವೆ ಬಿಗಿಯಾಗಿವೆ, ನಡುಭಾಗ ಖಾಲಿ. ಎದುರು ಕಟ್ಟಡದ ಬಡಗಿಯ ತಾರಸಿಯಲ್ಲೂ ಡ್ರೋನ್ ಇಳಿಯಲು ಜಾಗ ಗುರುತಿಸಿದ್ದಾರೆ. ಮೊನ್ನೆ ಅವನು, “ಈ ಗಾಳೀಲಿ ಅದು ಬರುತ್ತೇನಮ್ಮಾ?” ಎಂದು ಕೇಳಿದ. “ಬರುತ್ತಾ ಅಂತೀಯಾ? ಬಾ, ನನ್ನ ಸೊಸೇನ ತೋರಿಸ್ತೀನಿ!” ಎಂದಳು ಅಕ್ಕ. ಅವನ ತಾರಸಿಯ ಹಲಗೆಗಳು ಅಂದೇ ಕೆಳಗಿಳಿದವು.

ನಿಮ್ಮ ತಾರಸಿಯಲ್ಲೂ ಡ್ರೋನ್ ಇಳಿಯುವ ಜಾಗ ಗುರುತಿಸಿದ್ದಾರೆಯೇ? ಹಾಗಿದ್ದರೆ ಇವತ್ತೇ ಹತ್ತಿ ನೋಡಿ. ಹಗ್ಗ, ತಗಡು, ಪ್ಲಾಸ್ಟಿಕ್ ಹಾಳೆ, ಗಾಳಿಪಟದ ದಾರ, ಏನಿದ್ದರೂ ತೆಗೆಯಿರಿ. ಡ್ರೋನ್ ಇಳಿಯುವಾಗ ದೂರ ನಿಲ್ಲಿ, ಮಕ್ಕಳನ್ನೂ ದೂರ ನಿಲ್ಲಿಸಿ. ಅದು ಯಾರ ಮನೆಯ ಬಾಣಂತಿಗಾಗಿ ಬರುತ್ತಿದೆಯೋ ಯಾರಿಗೆ ಗೊತ್ತು! ಜಾಗ ಬಿಡಿ, ಇಳಿಯಲಿ.