ಎರಡು ಹಸಿರು ಗುಂಡಿಗಳು

ಮರ ಕಡೆಯುವ ಲೇತ್ ಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಅಮ್ಮ ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. ಅನ್ನ ಕಲಸುತ್ತಿದ್ದವನು ಹಾಗೇ ಕೈ ನಿಲ್ಲಿಸಿದ.

ಹೊಸೂರಿನ ಮೂಕಂಡಪಲ್ಲಿಯಲ್ಲಿ ನನ್ನ ವಯಸ್ಸಿನ ಹುಡುಗಿಯರು ಮೊದಲ ಸಂಬಳ ಕೂಡಿಟ್ಟು ಸ್ಕೂಟಿ ಕೊಳ್ಳುತ್ತಾರೆ. ನನಗೆ ಬೇಕಾಗಿದ್ದು ಲೇತ್. ಬೈಕಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಒಂದೇ ಸ್ಟೂಲಿನ ಮೇಲೆ ಎಂಟು ಗಂಟೆ ಕೂತು, ಬಂದ ಪ್ರತಿಯೊಂದು ಪೀಸಿಗೂ ಅಳತೆಯ ಗೇಜ್ ಹಾಕಿ ‘ಓಕೆ’, ‘ರಿಜೆಕ್ಟ್’ ಎಂದು ಬೇರೆ ಮಾಡಬೇಕು. ಯಾರೋ ಮಾಡಿದ್ದನ್ನು ನೋಡಿ ನೋಡಿ ಕಣ್ಣು ಬತ್ತಿಹೋಗಿತ್ತು. ಫೋನಿನಲ್ಲಿ ವಿಡಿಯೊ ನೋಡಿಕೊಂಡು, ಡ್ರಿಲ್ ಮಿಷಿನ್ನನ್ನು ಹಲಗೆಗೆ ಬಿಗಿದು, ಹಾಲೆ ಮರದ ತುಂಡಿನಲ್ಲಿ ಒಂದು ಬುಗುರಿ ಮಾಡಿದ್ದೆ. ಅದು ಕುಡಿದವನ ಹಾಗೆ ತೂರಾಡಿ ಬಿತ್ತು. ಆದರೂ ಮೂರು ದಿನ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಅಪ್ಪ ನಗದಿದ್ದುದಕ್ಕೆ ಕಾರಣ ಅವನ ಬಲಗೈ. ಮಾಗಡಿ ಕಡೆಯಿಂದ ಹೊಸೂರಿಗೆ ಬಂದು ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದ ನನ್ನಪ್ಪ ಶಶಿಕುಮಾರನ ತೋರುಬೆರಳು, ನಡುಬೆರಳು ಎರಡೂ ಪ್ರೆಸ್ಸಿನ ಪಾಲಾಗಿ ಹದಿನಾರು ವರ್ಷ. ಆಗ ನನಗೆ ಆರು. ಮಿಷಿನ್ ಕೆಟ್ಟಿತ್ತು, ಗುಂಡಿ ಒತ್ತದೆಯೇ ಇನ್ನೊಂದು ಏಟು ಬಿತ್ತು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಅಜ್ಜಿ ಸಾಯುವ ತನಕ ಆ ಮಿಷಿನ್ನಿಗೆ ಹಿಡಿಶಾಪ ಹಾಕುತ್ತಿದ್ದಳು. ಆಮೇಲೆ ಅಪ್ಪ ಬೇರೆ ಕಂಪನಿಯ ಮೇಂಟೆನೆನ್ಸಿಗೆ ಸೇರಿದ, ಉಳಿದ ಬೆರಳಲ್ಲೇ ವೈರಿಂಗ್ ಕಲಿತ. ನಾನು ಕೆಲಸಕ್ಕೆ ಸೇರಿದ ದಿನದಿಂದ, ಶಿಫ್ಟ್ ಮುಗಿಸಿ ಮನೆಗೆ ಬಂದರೆ ಅವನದು ಒಂದೇ ಮಾತು: “ಕೈ ತೋರ್ಸು.” ತೋರಿಸಬೇಕು. ಅವನು ಹತ್ತೂ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿ “ಸರಿ, ಹೋಗು” ಅನ್ನುತ್ತಾನೆ. ಗೇಜಿಗೆ ಹಲ್ಲಿಲ್ಲ ಕಣಪ್ಪ ಎಂದು ನೂರು ಸಲ ಹೇಳಿದ್ದೇನೆ. ಆ ಎಣಿಕೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ರಾಯಕೋಟೆಯಲ್ಲಿ ಕುಮಾರೇಶ್ ಎಂಬುವರು ತಮ್ಮ ಕಡಚಲು ಶೆಡ್ಡು ಮುಚ್ಚುತ್ತಿದ್ದಾರೆ ಎಂದು ಕಂಪನಿಯ ಗೆಳತಿ ಹೇಳಿದಳು. ಮಂಚದ ಕಾಲು, ತೊಟ್ಟಿಲ ಗುಬುಟು ಕಡೆದು ಬದುಕಿದವರು. ಈಗ ಯಾರಿಗೂ ಮರದ ಮಂಚ ಬೇಡ. ಭಾನುವಾರ ಬಸ್ಸಿಗೆ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿಕೊಂಡ. “ಮಿಷಿನ್ ನೋಡಾಕೆ ಮಿಷಿನ್ ಗೊತ್ತಿರೋನ್ ಬೇಕು” ಎಂದ.

ಲೇತ್ ನನ್ನ ಸೊಂಟದೆತ್ತರಕ್ಕಿತ್ತು. ಕುಮಾರೇಶ್ ಒಂದು ಬೇವಿನ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಸ್ವಿಚ್ ಹಾಕಿ, ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮರಕ್ಕೆ ತಾಗಿಸಿದರು. ಸೌತೆಕಾಯಿಯ ಸಿಪ್ಪೆಯಂತೆ ಮರ ಸುರುಳಿ ಸುರುಳಿಯಾಗಿ ಬಂದು ನನ್ನ ಕಾಲ ಮೇಲೆ ಬಿತ್ತು. ಆ ಸುರುಳಿ ಇನ್ನೂ ಬೆಚ್ಚಗಿತ್ತು. ಇದು ನನಗೆ ಬೇಕು, ಏನಾದರೂ ಆಗಲಿ ಬೇಕು ಅನ್ನಿಸಿತು.

“ಗಾರ್ಡ್ ಎಲ್ಲಿ?” ಎಂದ ಅಪ್ಪ.

“ಕಡೈಸಲ್‌ಗೆ ಏನ್ ಸಾರ್ ಗಾರ್ಡು? ಕಣ್ಣೇ ಗಾರ್ಡು.” ಕುಮಾರೇಶ್ ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ನಗುತ್ತಾ ಎರಡೂ ಕೈ ಅಗಲಿಸಿ ತೋರಿಸಿದರು. “ಇಪ್ಪತ್ತೈದು ವರ್ಷ ಆಚ್ಚು. ಪಾರುಂಗ, ಹತ್ತೂ ಇದಾವೆ.”

ಅಪ್ಪ ಮೆಲ್ಲಗೆ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಕುಮಾರೇಶ್ ನೋಡಲಿಲ್ಲ, ನಾನು ನೋಡಿದೆ. ಹೊರಗೆ ಹುಣಸೆಮರದ ಕೆಳಗೆ ಕರೆದುಕೊಂಡು ಹೋಗಿ ಅಪ್ಪ ಅದೇ ಕೈಯನ್ನು ನನ್ನ ಮುಂದೆ ಚಾಚಿದ.

“ತಗಳಮ್ಮಿ, ಬ್ಯಾಡ ಅನ್ನಲ್ಲ. ಆದ್ರೆ ವೈರಿಂಗ್ ನಂದು. ನಾನ್ ಮಾಡಿದ್ ವೈರಿಂಗ್‌ಗೆ ನೀನ್ ಕೈ ಹಾಕಂಗಿಲ್ಲ. ಭಾಷೆ ಕೊಡು.”

ಆ ಹೊತ್ತಿನಲ್ಲಿ ತಲೆ ಬೋಳಿಸಿಕೋ ಎಂದಿದ್ದರೂ ಒಪ್ಪುತ್ತಿದ್ದೆ. ಅವನ ಕೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಸಂಜೆಯೊಳಗೆ ಕುಟ್ಟಿಯಾನೆ ಎಂಬ ಪುಟ್ಟ ಸಾಮಾನು ಗಾಡಿಯಲ್ಲಿ ಲೇತ್ ಮೂಕಂಡಪಲ್ಲಿಗೆ ಬಂತು. ಬೀದಿಯ ನಾಲ್ಕು ಜನ ಸೇರಿ ಅದನ್ನು ತಾರಸಿಯ ಮೇಲಿನ ಶೀಟಿನ ಕೋಣೆಗೆ ಏರಿಸಿದರು.

ಅಪ್ಪ ಹದಿನೈದು ದಿನ ವೈರಿಂಗ್ ಮಾಡಿದ. ಕೋಣೆಯ ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದ. ನಾನು ಕೆಳಗೆ ಮರದ ತುಂಡುಗಳ ತುದಿಗೆ ಬಿರುಕು ಬಿಡದಂತೆ ಮೇಣ ಹಚ್ಚುತ್ತಾ, ಉಳಿಗಳನ್ನು ಮಸೆಯುತ್ತಾ, ಮದುವೆ ಮನೆಯ ಊಟಕ್ಕೆ ಕಾದವಳ ಹಾಗೆ ಕಾದೆ. ಕೊನೆಗೊಂದು ಸಂಜೆ ಬಾಗಿಲು ತೆರೆದು “ಬಾ” ಎಂದ. ಮುಖ ಹೊಳೆಯುತ್ತಿತ್ತು.

ಲೇತಿನ ಮುಂದೆ ಒಂದು ಕಬ್ಬಿಣದ ಪಟ್ಟಿ. ಪಟ್ಟಿಯ ಆ ತುದಿಗೊಂದು, ಈ ತುದಿಗೊಂದು ಅಣಬೆಯ ತಲೆಯಂಥ ಹಸಿರು ಗುಂಡಿ. ನಡುವೆ ಕೆಂಪು ಗುಂಡಿ. ಅಪ್ಪ ಎರಡೂ ಅಂಗೈಗಳನ್ನು ಹಸಿರು ಗುಂಡಿಗಳ ಮೇಲಿಟ್ಟು ಒತ್ತಿದ. ಲೇತ್ ಗುಂಯ್ ಎಂದು ಓಡಿತು. ಒಂದು ಕೈ ಎತ್ತಿದ. ನಿಂತಿತು.

“ಎಲ್ಡೂ ಕೈ ಒತ್ತಿದ್ರೇನೆ ಓಡೋದು. ಒಂದ್ ತಗುದ್ರೂ ಆಫ್. ಇನ್ನ ಬೆರಳು ಹೋಗಾಕೆ ಚಾನ್ಸೇ ಇಲ್ಲ” ಎಂದ.

ಪ್ರೆಸ್ಸುಗಳಿಗೆ ಇರುವುದು ಇದೇ ವ್ಯವಸ್ಥೆ. ತಗಡನ್ನು ಒಳಗಿಟ್ಟು ಕೈ ಹೊರಗೆ ತೆಗೆದು ಎರಡು ಗುಂಡಿ ಒತ್ತಿದರೆ ಮಾತ್ರ ಏಟು ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಏಟಿನ ಕೆಳಗೆ ಹೋಗುವ ಕೈ ಎಲ್ಲಿದೆ? ಪ್ರೆಸ್ಸಿಗೆ ಅದು ಸರಿ. ಆದರೆ ಲೇತ್ ಓಡುವಾಗಲೇ ಉಳಿ ಹಿಡಿಯಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು.

“ಅಪ್ಪಾ, ಉಳಿ ಯಾವ್ ಕೈಲಿ ಹಿಡೀಲಿ?” ಎಂದೆ.

ಅವನು ಲೇತ್ ನೋಡಿದ, ನನ್ನ ನೋಡಿದ, ತನ್ನ ಎರಡು ಕೈ ನೋಡಿಕೊಂಡ. ಹದಿನೈದು ದಿನದಲ್ಲಿ ಒಮ್ಮೆಯೂ ಅದು ಅವನಿಗೆ ಹೊಳೆದಿರಲಿಲ್ಲ. ಮುಖದ ಹೊಳಪೆಲ್ಲ ಇಳಿದುಹೋಯಿತು. “ಅದುಕ್ಕೇನಾರ ಮಾಡಾನ, ತಡಿ” ಎಂದು ಕೆಳಗಿಳಿದ.

ಮಾಡಲಿಲ್ಲ. ಮುಂದಿನ ಭಾನುವಾರ ಅಂದ. ಆ ಭಾನುವಾರ ಬಂದರೆ ಪಾರ್ಟ್ ಸಿಕ್ಕಿಲ್ಲ ಅಂದ. ಮೂರನೆಯ ಭಾನುವಾರ ನಾನು ಬಾಯಿ ತೆರೆಯುವ ಮೊದಲೇ ಎದ್ದು ತರಕಾರಿ ತರಲು ಹೋದ. ಆ ಗುಂಡಿಗಳನ್ನು ತೆಗೆದು ಸಾದಾ ಸ್ವಿಚ್ ಹಾಕುವುದು ಅವನಿಗೆ ಹತ್ತು ನಿಮಿಷದ ಕೆಲಸ. ಅವನ ಕೈಗೆ ಬಾರದ ಕೆಲಸವಲ್ಲ, ಮನಸ್ಸಿಗೆ ಬಾರದ ಕೆಲಸ. ನಾನೇ ತೆಗೆಯೋಣವೆಂದರೆ ಭಾಷೆ ಕೊಟ್ಟಿದ್ದೇನೆ. ಬೇರೆ ಯಾರ ಕೈಯ ಮೇಲೆ ಕೊಟ್ಟಿದ್ದರೂ ಮುರಿಯುತ್ತಿದ್ದೆನೇನೋ, ಆ ಕೈಯ ಮೇಲೆ ಕೊಟ್ಟಿದ್ದೆ.

ಅಮ್ಮ ರಮಾದೇವಿಗೆ ಹೇಳಿಕೊಂಡರೆ, “ನಿಮ್ಮಪ್ಪನ್ ಜೀವ ಅದ್ರಾಗದೆ, ಕೆಣಕಬ್ಯಾಡ” ಎಂದಳು. ಬಂದ ನೆಂಟರಿಗೆಲ್ಲ ಅಪ್ಪ ಲೇತ್ ತೋರಿಸುತ್ತಿದ್ದ. ಎರಡು ಅಂಗೈ ಒತ್ತುತ್ತಿದ್ದ, ಅದು ಓಡುತ್ತಿತ್ತು, ಅವರು ಭೇಷ್ ಅನ್ನುತ್ತಿದ್ದರು. ಪಕ್ಕದ ಮನೆಯ ಹನುಮಕ್ಕನೊಬ್ಬಳೇ ಸೊಂಟದ ಮೇಲೆ ಕೈಯಿಟ್ಟು ನೋಡಿ, “ತಿರುಗೋದೇನೋ ಚೆನ್ನಾಗ್ ತಿರುಗ್ತದೆ ಕಣ್ಲಾ ಶಶಿ. ಏನ್ ಮಾಡ್ತದೆ?” ಎಂದು ಕೇಳಿದಳು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಎರಡು ತಿಂಗಳು ಹೀಗೇ ಕಳೆಯಿತು. ಕಂಪನಿಯಲ್ಲಿ ಸ್ಟೂಲಿನಿಂದ ಏಳುವ ಹಾಗಿಲ್ಲ, ಮನೆಯಲ್ಲಿ ನನ್ನದೇ ಮಿಷಿನ್ ಮುಟ್ಟುವ ಹಾಗಿಲ್ಲ. ತಾರಸಿಯ ಕೋಣೆಗೆ ಹೋಗಿ ಲೇತಿನ ಧೂಳು ಒರೆಸಿ ಬರುತ್ತಿದ್ದೆ. ಕೈಯಲ್ಲಿ ಮರವನ್ನು ಸುತ್ತಿಸಿ, ಉಳಿ ತಾಗಿಸಿದ ಹಾಗೆ ಆಡಿ ಬರುತ್ತಿದ್ದೆ. ಕೆಳಗೆ ಬಂದರೆ, “ಕೈ ತೋರ್ಸು.” ಒಂದು ಸಲ, ಈ ಹತ್ತು ಬೆರಳೂ ನನ್ನವಲ್ಲ, ಅಪ್ಪ ನನ್ನ ಹತ್ತಿರ ಇಡಲು ಕೊಟ್ಟಿದ್ದಾನೆ ಅನ್ನಿಸಿತು.

ಒಂದು ಶನಿವಾರ ನಾನು ಬೆಳಗಿನ ಶಿಫ್ಟ್ ಮುಗಿಸಿ ಮೂರೂವರೆಗೆ ಬಂದೆ. ಅಪ್ಪ ಬರುವುದು ಆರಕ್ಕೆ. ಅಮ್ಮ ಕೆಳಗೆ ಮಲಗಿದ್ದಳು. ವೈರಿಂಗ್ ಮುಟ್ಟುವುದಿಲ್ಲ ಎಂದು ತಾನೇ ಭಾಷೆ? ನಾನು ವೈರಿಂಗ್ ಮುಟ್ಟಲಿಲ್ಲ. ಲೇತಿನ ಮೊನೆಗಳ ನಡುವೆ ಒಂದು ಮರದ ತುಂಡು ಸಿಕ್ಕಿಸಿದೆ. ಬೇವಿನ ಎರಡು ಚಕ್ಕೆ ಸೀಳಿ, ಒಂದೊಂದು ಗುಂಡಿಯ ಮೇಲೆ ಒಂದೊಂದು ಇಟ್ಟು, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿದೆ. ಎರಡನೆಯದನ್ನು ಬಿಗಿಯುತ್ತಿದ್ದಂತೆ ಲೇತ್ ಓಡಿತು. ನನ್ನ ಎರಡೂ ಕೈ ಖಾಲಿ ಇದ್ದವು!

ಉಳಿ ಹಿಡಿದೆ. ಮೊದಲು ಮರ ಕಟಕಟ ಎಂದಿತು, ಮೂಲೆಗಳು ಹೋದವು, ದುಂಡಾಯಿತು, ಆಮೇಲೆ ಸುರುಳಿ ಬಂತು. ಬುಗುರಿಯ ಹೊಟ್ಟೆ ಮೂಡಿತು, ಸೊಂಟ ಮೂಡಿತು. ಯಾರೂ ಓಕೆ, ರಿಜೆಕ್ಟ್ ಅನ್ನುವವರಿರಲಿಲ್ಲ. ನಾನು ಎಷ್ಟು ವರ್ಷದಿಂದ ಹೀಗೆ ಸುಮ್ಮನೆ ಸಂತೋಷವಾಗಿರಲಿಲ್ಲವೋ ಗೊತ್ತಿಲ್ಲ. ಮೆಟ್ಟಿಲ ಸದ್ದು ಕೇಳಿಸಲೇ ಇಲ್ಲ.

ಲೇತ್ ನಿಧಾನವಾಗಿ ನಿಂತಿತು. ತಿರುಗಿ ನೋಡಿದರೆ ಅಪ್ಪ ಗೋಡೆಯ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಕಂಪನಿಯಲ್ಲಿ ಕರೆಂಟ್ ಹೋಗಿ ಬೇಗ ಬಿಟ್ಟಿದ್ದರು.

ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಹತ್ತಿರ ಬಂದು ಟ್ಯೂಬು ಬಿಚ್ಚಿ, ಆ ಬೇವಿನ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ನೋಡುತ್ತಾ ನೋಡುತ್ತಾ ಮರದ ಹೊಟ್ಟಿನ ಮೇಲೆಯೇ ಕುಸಿದು ಕೂತುಬಿಟ್ಟ.

“ನಂದೂ ಮರದ್ ಚಕ್ಕೇನೆ” ಎಂದ.

ನನಗೆ ಅರ್ಥವಾಗಲಿಲ್ಲ.

“ಎಡಗಡೆ ಗುಂಡಿಗೆ ಚಕ್ಕೆ ಸಿಗಿಸ್ತಿದ್ದೋ, ಎಲ್ರೂವೆ. ಒಂದ್ ಕೈ ಖಾಲಿ ಆಯ್ತದೆ, ಪೀಸ್ ಬೇಗ ಬೇಗ ಬೀಳ್ತವೆ, ಟಾರ್ಗೆಟ್ ಆಯ್ತದೆ. ಅವತ್ತು ಬಲಗೈಲಿ ಪೀಸ್ ಸರಿ ಮಾಡ್ತಿದ್ದೆ. ಮೊಣಕೈ ಹೋಗಿ ಬಲಗಡೆ ಗುಂಡಿಗೆ ತಾಗ್ಬುಡ್ತು.” ಚಕ್ಕೆಯನ್ನು ಕೈಯಲ್ಲಿ ಮಗುಚಿದ. “ಮಿಷಿನ್ ಕೆಟ್ಟಿರ್ಲಿಲ್ಲ ಕಣಮ್ಮಿ. ಮಿಷಿನ್ ಸರಿಯಾಗೇ ಇತ್ತು. ನಮ್ಮವ್ವ ಅದುನ್ನ ಬೈಯುವಾಗೆಲ್ಲ ನನ್ ಹೊಟ್ಟೇಲಿ ಬೆಂಕಿ ಇಟ್ಟಂಗೆ ಆಗೋದು.”

ಹದಿನಾರು ವರ್ಷ. ನಾನು ಅವನ ಪಕ್ಕದಲ್ಲಿ ಕೂತೆ. ಅವನ ಮೇಲಿದ್ದ ಸಿಟ್ಟು ಎಲ್ಲಿಗೋ ಹೋಯಿತು, ಅದರ ಜಾಗದಲ್ಲಿ ಕೂತ ದುಃಖ ಅದಕ್ಕಿಂತ ಭಾರವಾಗಿತ್ತು.

“ನಿಮ್ಮಮ್ಮಂಗೆ ಹೇಳಬ್ಯಾಡ.”

“ಹೇಳಲ್ಲ.”

ಅಪ್ಪ ಎದ್ದ. ಇನ್ನೊಂದು ಚಕ್ಕೆಯನ್ನೂ ಬಿಚ್ಚಿ ಎರಡನ್ನೂ ಜೇಬಿಗೆ ಹಾಕಿಕೊಂಡ. ಮೇನ್ ಸ್ವಿಚ್ ಹಾಕಿ ಬಂದು, ಲೇತಿನ ಮುಂದೆ ನಿಂತು, ಎರಡೂ ಅಂಗೈಗಳನ್ನು ಹಸಿರು ಗುಂಡಿಗಳ ಮೇಲಿಟ್ಟ.

“ಅರ್ಧಕ್ಕೆ ಬಿಡಬ್ಯಾಡ. ಮುಗ್ಸು.”

ನಾನು ಅವನ ಎರಡು ತೋಳುಗಳ ನಡುವೆ ನುಸುಳಿ ನಿಂತೆ. ಚಿಕ್ಕವಳಿದ್ದಾಗ ಸೈಕಲ್ ಕಲಿಸುವಾಗ ಹೀಗೇ ನಿಲ್ಲುತ್ತಿದ್ದ. ಲೇತ್ ಓಡಿತು. ಉಳಿಯನ್ನು ಮರದ ಹತ್ತಿರ ತಂದೆ. ಲೇತ್ ನಿಂತಿತು. ಅವನು ಕೈ ಎತ್ತಿಬಿಟ್ಟಿದ್ದ.

“ಏನಾಯ್ತಪ್ಪ?”

“ಏನಿಲ್ಲ. ಹ್ಞೂ, ಮಾಡು.”

ಮತ್ತೆ ಓಡಿತು. ಮತ್ತೆ ಉಳಿ ತಂದೆ. ಮತ್ತೆ ನಿಂತಿತು. ಮೂರನೆಯ ಸಲ ಉಳಿ ಮರಕ್ಕೆ ತಾಗಿದ ಮೇಲೆ ಕೈ ಎತ್ತಿದ. ವೇಗ ಇಳಿಯುತ್ತಿದ್ದ ಮರ ಉಳಿಯನ್ನು ಕಚ್ಚಿ ಎಳೆಯಿತು, ನನ್ನ ಗೆಣ್ಣು ಕಬ್ಬಿಣಕ್ಕೆ ಬಡಿದು ಚರ್ಮ ಕಿತ್ತುಬಂತು. ಅಪ್ಪನ ಬೆವರು ನನ್ನ ಕತ್ತಿನ ಮೇಲೆ ಬಿತ್ತು.

“ಅಪ್ಪಾ, ಕೇಳು” ಎಂದೆ. “ಓಡ್ತಾ ಇರೋ ಮರ ನನ್ನ ಏನೂ ಮಾಡಲ್ಲ. ನೀನ್ ಹೆದರ್ಕೊಂಡು ಮಧ್ಯದಾಗ್ ಕೈ ಎತ್ತಿದ್ರೇನೆ ನಂಗೆ ಏಟು. ನಾನ್ ಸಾಕು ಅನ್ನೋಗಂಟ ಒತ್ಕೊಂಡಿರು. ಕಣ್ಣ್ ಮುಚ್ಕೊ ಬೇಕಾದ್ರೆ.”

ಕಣ್ಣು ಮುಚ್ಚಿದನೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಲೇತ್ ಓಡಿತು. ಉಳಿ ತಾಗಿಸಿದೆ. ಬೆನ್ನಿಗೆ ಅವನ ಎದೆಬಡಿತ ತಾಗುತ್ತಿತ್ತು, ಉಸಿರು ಎಳೆಎಳೆಯಾಗಿ ಕೇಳುತ್ತಿತ್ತು. ಎರಡು ಬೆರಳಿಲ್ಲದ ಅಂಗೈ ಹಸಿರು ಗುಂಡಿಯ ಮೇಲೆ ಬೆಳ್ಳಗಾಗುವ ಹಾಗೆ ಒತ್ತಿಕೊಂಡಿತ್ತು, ಅಲ್ಲಾಡಲಿಲ್ಲ. ಬುಗುರಿಯ ಮೂತಿ ಚೂಪಾಗುವ ತನಕ, ಕೊನೆಯ ಸುರುಳಿ ಬೀಳುವ ತನಕ ಹಾಗೇ ಇತ್ತು.

“ಸಾಕಪ್ಪ” ಎಂದೆ. ಲೇತ್ ನಿಂತಿತು.

ಬುಗುರಿಯನ್ನು ಬಿಡಿಸಿ ನೆಲದ ಮೇಲೆ ಬೆರಳಲ್ಲೇ ತಿರುಗಿಸಿಬಿಟ್ಟೆ. ಒಂದಿಷ್ಟೂ ತೂರಾಡದೆ ನಿಂತಲ್ಲೇ ನಿಂತು ತಿರುಗಿತು. ಅಪ್ಪ ಬುಗುರಿ ನೋಡಲಿಲ್ಲ.

“ಕೈ ತೋರ್ಸು.”

ತೋರಿಸಿದೆ. ಒಂದೊಂದೇ ಬೆರಳು ಮುಟ್ಟಿದ. ಗೆಣ್ಣಿನ ಗಾಯದ ಹತ್ತಿರ ತಡೆದು, ತನ್ನ ಅಂಗಿಯ ತುದಿಯಿಂದ ರಕ್ತ ಒರೆಸಿದ. ಹತ್ತಕ್ಕೆ ಬಂದ ಮೇಲೂ ಕೈ ಬಿಡಲಿಲ್ಲ. ಈಗ ಕೇಳಿದರೆ ಗುಂಡಿ ತೆಗೆದುಬಿಡುತ್ತಾನೆ ಎಂದು ನನಗೆ ಗೊತ್ತಿತ್ತು. ಆಮೇಲೆ ನಾನು ಇಲ್ಲಿ ಒಬ್ಬಳೇ ನಿಂತು ಕಡೆಯುವಷ್ಟು ಹೊತ್ತೂ ಅವನು ಕೆಳಗೆ ಕೂತು, ಮೇಲಿನ ಸದ್ದಿಗೆ ಕಿವಿಗೊಟ್ಟು, ಆ ಪ್ರೆಸ್ಸಿನ ಮುಂದೆ ಮತ್ತೆ ಮತ್ತೆ ನಿಲ್ಲುತ್ತಾನೆ ಎಂಬುದೂ ಗೊತ್ತಿತ್ತು.

“ನಾಳೆ ಭಾನ್ವಾರ” ಎಂದ ಅಪ್ಪ. “ಎಷ್ಟೊತ್ತಿಗೆ ಬರ್ಲಿ?”

ನನಗೆ ಒಬ್ಬಳೇ ಕಡೆಯಬೇಕಿತ್ತು. ಎರಡು ವರ್ಷ ಕೂಡಿಟ್ಟು ಈ ಲೇತ್ ಕೊಂಡದ್ದೇ ಅದಕ್ಕಾಗಿ.

“ಹತ್ತು ಗಂಟೆಗೆ ಬಾಪ್ಪ” ಎಂದೆ.